ನಂಬಿಕೆ, ಸಂಶೋಧನೆ, ಗೈಡ್ ಸೀಟು: ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಯಾವುದು ಯಾರಿಗೆ?

ಎಂ.ಎ. ಇಲ್ಲವೇ ಎಂ.ಎಸ್ಸಿ. ಮುಗಿಸಿ ಪಿಎಚ್‌.ಡಿ.ಗೆ ಅರ್ಜಿ ಹಾಕುವ ಹೊತ್ತಿನಲ್ಲಿ ಹಲವರು ಕೇಳುವ ಪ್ರಶ್ನೆ ಮೇಲ್ನೋಟಕ್ಕೆ ಒಂದೇ: ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಸೇರಿದರೆ ಹೇಗೆ? ಕೇಳುವವರು ಮಾತ್ರ ಬೇರೆ ಬೇರೆ. ಚರ್ಚಿನ ಸಭಾಪಾಲಕರಾಗಿ (ಪಾಸ್ಟರ್) ಇದ್ದುಕೊಂಡೇ ಇತಿಹಾಸದಲ್ಲಿ ಡಾಕ್ಟರೇಟ್ ಪಡೆಯಬೇಕು ಎನ್ನುವವರು ಒಬ್ಬರು. ವಚನಗಳ ಮೇಲೆ ಕೆಲಸ ಮಾಡಬೇಕೆಂದಿರುವ, ಚರ್ಚಿನ ಮೆಟ್ಟಿಲನ್ನೇ ಹತ್ತದ ವಿದ್ಯಾರ್ಥಿನಿ ಇನ್ನೊಬ್ಬರು. ಅಲ್ಲಿ ತನ್ನ ವಿಷಯಕ್ಕೆ ಕತ್ತರಿ ಬಿದ್ದೀತೇ ಎಂಬ ಅಳುಕು ಅವರದು. ಪ್ರಯೋಗಾಲಯದವರಿಗೆ ನಂಬಿಕೆಯ ಮಾತೇ ಅಪ್ರಸ್ತುತ ಅನ್ನಿಸಿರುತ್ತದೆ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಮುಂದೆ ಹೋಗಿ ಕೂರುವ ತನಕ.

ಇವರೆಲ್ಲರಿಗೂ ಒಂದೇ ಸಂಸ್ಥೆಯ ಹೆಸರು ಹೇಳಿ ಕಳಿಸುವಂತಿಲ್ಲ. ಪ್ರಾಸ್ಪೆಕ್ಟಸ್‌ನ ಮೊದಲ ಪುಟದಲ್ಲಿ ಬರುವ ಧ್ಯೇಯವಾಕ್ಯವನ್ನು ನಂಬಿ ಸೇರುವುದಂತೂ ಬೇಡವೇ ಬೇಡ. ಎಲ್ಲ ಸಂಸ್ಥೆಗಳ ಧ್ಯೇಯವಾಕ್ಯವೂ ಚೆನ್ನಾಗಿಯೇ ಇರುತ್ತದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದ ಸಂಗತಿ ಒಂದಿದೆ: ನಿಮ್ಮ ಸಂಶೋಧನೆಯಲ್ಲಿ ನಂಬಿಕೆ ಎಲ್ಲಿ ನಿಂತಿದೆ? ಕೆಲವರಿಗೆ ಅದೇ ಅಧ್ಯಯನದ ವಸ್ತು. ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ (ಚರ್ಚುಗಳಲ್ಲಿ) ಜಾತಿ ಎಂಬಂಥ ವಿಷಯ. ಕೆಲವರಿಗೆ ಅದು ಪ್ರಶ್ನೆ ಹುಟ್ಟಿದ ಜಾಗ ಮಾತ್ರ, ಉತ್ತರದಲ್ಲಿ ಅದರ ಸುಳಿವೂ ಇರುವುದಿಲ್ಲ. ಉಳಿದವರಿಗೆ ಅದು ಕಾಲೇಜಿನ ಗೋಡೆಯ ಮೇಲಿನ ಶಿಲುಬೆ, ಅಷ್ಟೇ.

ನಡುವಿನ ಬಗೆ ಹೆಚ್ಚು ಜನಕ್ಕೆ ಅರ್ಥವಾಗುವುದಿಲ್ಲ, ಹಾಗಾಗಿ ಎರಡು ಉದಾಹರಣೆ. ಪಾಲ್ ಬ್ರ್ಯಾಂಡ್ ಮಿಷನರಿಗಳ ಮಗ, 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತದೆ ಎಂದು ವೈದ್ಯರೂ ನಂಬಿದ್ದ ಕಾಲ ಅದು. ನರ ಸತ್ತು ನೋವಿನ ಅರಿವು ಹೋದ ಕೈ ಸುಟ್ಟರೂ ಕೊಯ್ದರೂ ರೋಗಿಗೆ ಗೊತ್ತಾಗುವುದಿಲ್ಲ, ಹಾಳಾಗುವುದು ಆ ಗಾಯಗಳಿಂದ ಎಂಬುದನ್ನು ಬ್ರ್ಯಾಂಡ್ ತೋರಿಸಿದರು. ಮುರುಟಿದ ಬೆರಳುಗಳಿಗೆ ಇನ್ನೊಂದು ಸ್ನಾಯುವಿನ ಕಂಡರವನ್ನು (ಸ್ನಾಯುವನ್ನು ಎಲುಬಿಗೆ ಕಟ್ಟುವ ಪಟ್ಟಿ) ಜೋಡಿಸಿ ಕೈ ಮತ್ತೆ ಹಿಡಿಯುವಂತೆ ಮಾಡಿದರು. ಯಾರೂ ಮುಟ್ಟದ ರೋಗಿಯ ಹತ್ತಿರ ಅವರನ್ನು ಕರೆದೊಯ್ದದ್ದು ನಂಬಿಕೆ. ಆದರೆ ಕಂಡರದ ಶಸ್ತ್ರಚಿಕಿತ್ಸೆ ಸರಿಯೋ ತಪ್ಪೋ ಎಂದು ತೀರ್ಮಾನಿಸಿದ್ದು ರೋಗಿಯ ಕೈ.

ಇನ್ನೊಂದು ನಮ್ಮಲ್ಲಿಯದೇ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಯೇಸುಸಭೆಯ (ಜೆಸ್ಯೂಟ್) ಪಾದ್ರಿ ಸೆಸಿಲ್ ಸಲ್ಡಾನ್ಹಾ ಸಸ್ಯಶಾಸ್ತ್ರಜ್ಞರು. ಹಾಸನ ಜಿಲ್ಲೆಯ ಗಿಡಗಳ ಕುರಿತ ಅವರ ಗ್ರಂಥ 1976ರಲ್ಲಿ ಬಂತು, ಆಮೇಲೆ ಇಡೀ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳು ಬಂದವು. ಒಣಗಿಸಿ ಒತ್ತಿ ಹಾಳೆಗೆ ಅಂಟಿಸಿದ ಒಂದೊಂದು ಗಿಡದ ಪಕ್ಕದಲ್ಲಿ ಊರು, ತಾರೀಖು, ಸಂಗ್ರಹದ ಸಂಖ್ಯೆ. ಆ ಹಾಳೆಗಳಲ್ಲಿ ಎಲ್ಲಿಯೂ ಪ್ರಾರ್ಥನೆಯಿಲ್ಲ. ಆ ಸಂಗ್ರಹ ಈಗ ಇರುವುದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಅದನ್ನು ಬಳಸುವವರಿಗೆ ಸಂಗ್ರಾಹಕರು ಪಾದ್ರಿಯಾಗಿದ್ದರು ಎಂಬುದು ಗೊತ್ತಿರಲೇಬೇಕೆಂದೂ ಇಲ್ಲ.

ಉಳಿದ ಅಳತೆಗಳನ್ನು ಬೇಗ ಹೇಳಿಬಿಡುತ್ತೇನೆ. ಪದವಿಯ ಮೇಲೆ ಯಾರ ಮೊಹರು ಬೀಳುತ್ತದೆ, ಆ ಮೊಹರು ನಿಮಗೆ ಬೇಕಾದ ನೌಕರಿಯಲ್ಲಿ ನಡೆಯುತ್ತದೆಯೇ? ನಿಮ್ಮ ವಿಷಯಕ್ಕೆ ಬೇಕಾದ ಕಡತ, ಹಸ್ತಪ್ರತಿ, ಪ್ರಯೋಗಾಲಯ ಅಲ್ಲಿದೆಯೇ? ಮನೆ ನೋಡಲು ಹೋದವರು ಮೊದಲು ನಲ್ಲಿ ತಿರುಗಿಸಿ ನೋಡುವ ಹಾಗೆ, ಗ್ರಂಥಾಲಯದ ಕ್ಯಾಟಲಾಗನ್ನು ತೆರೆದು ನೋಡಿ. ಯಾವ ಪ್ರಶ್ನೆಯನ್ನು ಕೇಳಬಾರದು ಎಂಬ ಗೆರೆ ಎಲ್ಲಿದೆ? ದುಡ್ಡು ಎಲ್ಲಿಂದ ಬರುತ್ತದೆ? ಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದೇ? ಇಷ್ಟರಲ್ಲಿ ಯಾವುದನ್ನು ಬಿಟ್ಟುಕೊಡಲು ನೀವು ತಯಾರಿಲ್ಲ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು ಮುಂದೆ ಓದಿ.

ದೇವಶಾಸ್ತ್ರದ ಕಾಲೇಜುಗಳು

ನಂಬಿಕೆಯನ್ನು ಒಳಗಿನಿಂದಲೇ ಪ್ರಶ್ನಿಸಬೇಕು ಎನ್ನುವವರಿಗೆ ಇವೇ ಸರಿಯಾದ ಜಾಗ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರದು. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೆ. ಎರಡೂ ಪ್ರೊಟೆಸ್ಟೆಂಟ್ ಪರಂಪರೆಯವು, ಬಂಗಾಳದ ಸೆರಾಂಪುರದ ಹೆಸರಿನಲ್ಲಿ ಪದವಿ ಕೊಡುವ ವ್ಯವಸ್ಥೆಗೆ ಸೇರಿದವು. 1818ರಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಹುಗ್ಲಿ ನದಿಯ ದಂಡೆಯಲ್ಲಿ ಕಟ್ಟಿದ ಸೆರಾಂಪುರ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದಿನಿಂದ ಪದವಿ ಕೊಡುವ ಹಕ್ಕು ಬಂತು. ಆ ಊರು ಆಗ ಡೇನರ ಕೈಯಲ್ಲಿತ್ತು. ಅಂದ ಹಾಗೆ, ಕೇರಿಯವರ ಕನ್ನಡ ವ್ಯಾಕರಣ ಅಚ್ಚಾದದ್ದೂ ಅಲ್ಲೇ, 1817ರಲ್ಲಿ.

ಕ್ಯಾಥೊಲಿಕ್ ಕಡೆಯಲ್ಲಿ ಹೊಸೂರು ರಸ್ತೆಯ ಧರ್ಮಾರಾಮ್ ವಿದ್ಯಾ ಕ್ಷೇತ್ರಂ, ಮಲ್ಲೇಶ್ವರದ ಸೇಂಟ್ ಪೀಟರ್ಸ್. ಇವು ಕೊಡುವ ದೇವಶಾಸ್ತ್ರದ ಪದವಿಗಳು ರೋಮಿನ ಮನ್ನಣೆಯವು. ಧರ್ಮಾರಾಮ್‌ನಿಂದ 1975ರಿಂದಲೂ ಬರುತ್ತಿರುವ ಇಂಗ್ಲಿಷ್ ಸಂಶೋಧನಾ ಪತ್ರಿಕೆ ಎಲ್ಲ ಧರ್ಮಗಳ ಅಧ್ಯಯನಕ್ಕೂ ತೆರೆದದ್ದು. ಅಲ್ಲಿ ಸೇರುವ ಯೋಚನೆ ಇಲ್ಲದವರೂ ಅದರ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿ ಹಾಕಬೇಕು.

ಇಂಥ ಕಡೆ ವಿಮರ್ಶೆಗೆ ಜಾಗ ಇರುವುದಿಲ್ಲ ಎಂದು ಹೊರಗಿನವರು ಅಂದುಕೊಳ್ಳುವುದುಂಟು. ಚರಿತ್ರೆ ಬೇರೆಯೇ ಹೇಳುತ್ತದೆ. 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಿಲ್ಲರ್ಸ್ ರಸ್ತೆಯ ಆ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ, ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ತತ್ತ್ವಶಾಸ್ತ್ರದ ಭಾಷೆಯಲ್ಲೇ ಮಾತಾಡುತ್ತಿದೆಯಲ್ಲ, ಸಭೆಗಳಲ್ಲಿ ಕೂತಿರುವ ಬಹುಸಂಖ್ಯಾತ ದಲಿತರ ಅನುಭವ ಎಲ್ಲಿ ಹೋಯಿತು ಎಂಬ ಪ್ರಶ್ನೆ ಎದ್ದಿತು. ದಲಿತ ದೇವಶಾಸ್ತ್ರ ಎಂದು ಇವತ್ತು ಜಗತ್ತಿನ ಹಲವೆಡೆ ಪಾಠವಾಗುತ್ತಿರುವ ಚಿಂತನೆಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಇದು ನಡೆದದ್ದು ಸಭಾಪಾಲಕರನ್ನು ತಯಾರು ಮಾಡುವ ಕಾಲೇಜಿನ ಸಭಾಂಗಣದಲ್ಲಿ, ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಲ್ಲ.

ತೊಡಕು ಎರಡು. ಸೆರಾಂಪುರದ ದಾರಿಯಲ್ಲಿ ಡಾಕ್ಟರೇಟಿಗೆ ಮುನ್ನ ದೇವಶಾಸ್ತ್ರದ ಬಿ.ಡಿ. (ಪದವಿ), ಎಂ.ಟಿಎಚ್. (ಸ್ನಾತಕೋತ್ತರ) ಮೆಟ್ಟಿಲುಗಳನ್ನು ಹತ್ತಬೇಕು. ಎಂ.ಎ. ಮಾಡಿದವರು ನೇರವಾಗಿ ಒಳಗೆ ಹೋಗುವಂತಿಲ್ಲ, ವರ್ಷಗಳು ಕೂಡುತ್ತವೆ. ಎರಡನೆಯದು ನೌಕರಿ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗಳಲ್ಲಿ, ಸಭೆಗಳಲ್ಲಿ, ಹೊರದೇಶದ ದೇವಶಾಸ್ತ್ರ ವಿಭಾಗಗಳಲ್ಲಿ ಈ ಪದವಿಗಳಿಗೆ ಬೆಲೆಯಿದೆ. ಸರ್ಕಾರಿ ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬೇಕಾದದ್ದು ಆಯಾ ವಿಷಯದ ಸ್ನಾತಕೋತ್ತರ ಪದವಿ ಮತ್ತು ನೆಟ್ ಇಲ್ಲವೇ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ದೇವಶಾಸ್ತ್ರದ ಡಾಕ್ಟರೇಟ್ ಹಿಡಿದು ಇತಿಹಾಸ ವಿಭಾಗದ ಬಾಗಿಲು ತಟ್ಟಿದರೆ ಕೆಲಸ ಕಷ್ಟ. ಸಭೆಯ ಕೆಲಸದಲ್ಲೇ ಇರುವವರಿಗೆ ಇದು ಸಮಸ್ಯೆಯೇ ಅಲ್ಲ.

ಕ್ರೈಸ್ಟ್, ಸೇಂಟ್ ಜೋಸೆಫ್ಸ್, ಅಲೋಶಿಯಸ್

ಹೆಚ್ಚಿನವರು ‘ಕ್ರೈಸ್ತ ವಿಶ್ವವಿದ್ಯಾಲಯ’ ಎಂದಾಗ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇವನ್ನೇ. ಕೇರಳ ಮೂಲದ ಸಿ.ಎಂ.ಐ. ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಭೆ 1969ರಲ್ಲಿ ಆರಂಭಿಸಿದ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ (ತಾನೇ ಪದವಿ ಕೊಡಬಲ್ಲ, ವಿಶ್ವವಿದ್ಯಾಲಯವೆಂದು ಪರಿಗಣಿತ) ವಿಶ್ವವಿದ್ಯಾಲಯವಾಯಿತು. 1882ರ ಸೇಂಟ್ ಜೋಸೆಫ್ಸ್ ಫ್ರೆಂಚ್ ಮಿಷನರಿಗಳಿಂದ 1937ರಲ್ಲಿ ಯೇಸುಸಭೆಯ ಕೈಗೆ ಬಂದು, 2022ರಲ್ಲಿ ರಾಜ್ಯದ ಕಾಯ್ದೆಯಡಿ ವಿಶ್ವವಿದ್ಯಾಲಯವಾಯಿತು. ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಸೇಂಟ್ ಅಲೋಶಿಯಸ್ 1880ರದು. ಡೀಮ್ಡ್ ಸ್ಥಾನ ಸಿಕ್ಕಿದ್ದು 2024ರಲ್ಲಿ.

ಇಲ್ಲಿ ಪಿಎಚ್‌.ಡಿ. ನಡೆಯುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ, ಬೇರೆ ಯಾವ ವಿಶ್ವವಿದ್ಯಾಲಯದಲ್ಲೂ ನಡೆಯುವ ಹಾಗೆಯೇ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ಅದರೊಳಗೆ ಕೋರ್ಸ್‌ವರ್ಕ್. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಏಕಕಾಲಕ್ಕೆ 8 ಸಂಶೋಧಕರು, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4. ಸೀಟು ಖಾಲಿ ಇಲ್ಲ ಎಂಬ ಮಾತು ಬರುವುದು ಈ ಲೆಕ್ಕದಿಂದ. ಸೇರಲು ಕ್ರೈಸ್ತರಾಗಿರಬೇಕೆಂಬ ನಿಯಮವಿಲ್ಲ, ತರಗತಿಯಲ್ಲಿ ಕೂತವರಲ್ಲೂ ಪಾಠ ಹೇಳುವವರಲ್ಲೂ ಎಲ್ಲ ಮತದವರಿದ್ದಾರೆ.

ವಚನಗಳ ಮೇಲೆ ಕೆಲಸ ಮಾಡಬೇಕೆನ್ನುವ ವಿದ್ಯಾರ್ಥಿನಿಗೆ ನನ್ನ ಉತ್ತರ ಇಲ್ಲಿದೆ. ವಿಷಯಕ್ಕೆ ಕತ್ತರಿ ಬೀಳುವ ಭಯ ಬಿಡಿ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಹೆರ್ಮನ್ ಮೊಗ್ಲಿಂಗ್ ಪಾದ್ರಿಯೇ ಆಗಿದ್ದವರು, ಅದೂ 1850ರ ಸುಮಾರಿನಲ್ಲಿ. ನೀವು ಹೆದರಬೇಕಾದದ್ದು ಬೇರೆಯದಕ್ಕೆ: ಹನ್ನೆರಡನೆಯ ಶತಮಾನದ ಕನ್ನಡವನ್ನು ಪಾಠಾಂತರ ಸಹಿತ ಓದಿಸಬಲ್ಲ ಗೈಡ್ ಅಲ್ಲಿ ಇದ್ದಾರೆಯೇ? ಇಂಗ್ಲಿಷ್ ಅನುವಾದಗಳನ್ನು ಇಟ್ಟುಕೊಂಡು ಬರೆದ ವಚನ ಸಂಶೋಧನೆಗಳು ಈಗಾಗಲೇ ಬೇಕಾದಷ್ಟಿವೆ. ಅಂಥ ಗೈಡ್ ಸಿಗದಿದ್ದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಮೈಸೂರೋ ವಾಸಿ.

ಈ ಮೂರು ಸಂಸ್ಥೆಗಳಲ್ಲಿ ನಂಬಿಕೆ ಹೆಚ್ಚಾಗಿ ಹಿನ್ನೆಲೆಯಲ್ಲಿ ಇರುತ್ತದೆ. ಹಬ್ಬದ ದಿನಗಳಲ್ಲಿ, ಸಮಾಜಸೇವೆಯ ಕಾರ್ಯಕ್ರಮಗಳಲ್ಲಿ, ಬಡವರ ಬದುಕಿನ ಬಗೆಗಿನ ಸಂಶೋಧನೆಗೆ ಸಿಗುವ ಒಲವಿನಲ್ಲಿ ಕಾಣಿಸಿಕೊಳ್ಳುತ್ತದೆ. ರಸಾಯನಶಾಸ್ತ್ರ ಅಥವಾ ವಾಣಿಜ್ಯದಲ್ಲಿ ಪಿಎಚ್‌.ಡಿ. ಮಾಡುವವರಿಗೆ ಅದು ತಾಗುವುದೇ ಇಲ್ಲವೆನ್ನಬಹುದು. ನಂಬಿಕೆಯೂ ಸಂಶೋಧನೆಯೂ ಬೆರೆತ ವಾತಾವರಣ ಸಿಗುತ್ತದೆಂಬ ಆಸೆಯಿಂದ ಹೋಗುವವರಿಗೆ ನಿರಾಸೆಯಾದೀತು. ಅದರಿಂದ ದೂರ ಇರಬೇಕೆಂದು ಹೋಗುವವರಿಗೆ ತೊಂದರೆ ಏನಿಲ್ಲ. ಖರ್ಚಿನ ಮಾತಿಗೆ ಬಂದರೆ, ಖಾಸಗಿ ಮತ್ತು ಡೀಮ್ಡ್ ಸಂಸ್ಥೆಗಳ ಶುಲ್ಕ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಜಾಸ್ತಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ಬರುತ್ತದೆ, ಹೇಗೋ ತೂಗಿಸಬಹುದು. ಅದಿಲ್ಲದೆ, ಸಂಸ್ಥೆಯಿಂದಲೂ ಸ್ಟೈಪೆಂಡ್ ಇಲ್ಲದೆ, ಬೆಂಗಳೂರಿನ ಬಾಡಿಗೆ ಕಟ್ಟಿಕೊಂಡು ಐದು ವರ್ಷ ಎಂದರೆ ಮನೆಯವರ ಜೊತೆ ಮೊದಲೇ ಕೂತು ಮಾತಾಡಬೇಕಾದ ವಿಚಾರ.

ನೋಂದಣಿ ಒಂದು ಕಡೆ, ಕಡತ ಇನ್ನೊಂದು ಕಡೆ

ಇತಿಹಾಸ, ಭಾಷೆ, ಜಾನಪದದವರಿಗೆ ನನ್ನ ಮೊದಲ ಸಲಹೆ ಇದು. ಪದವಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಳ್ಳಿ, ಕೆಲಸವನ್ನು ಕ್ರೈಸ್ತ ಸಂಸ್ಥೆಗಳ ದಾಖಲೆಗಳಲ್ಲಿ ಮಾಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವೇ ಇದೆ. ಮೊಹರು ಸರ್ಕಾರಿ ವಿಶ್ವವಿದ್ಯಾಲಯದ್ದು, ವಿಷಯ ಮಾತ್ರ ನಂಬಿಕೆ. ಹಂಪಿಯಲ್ಲಿ ನೋಂದಾಯಿಸಿದರೆ ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು.

ದಾಖಲೆಗಳ ವಿಷಯಕ್ಕೆ ಬಂದರೆ ಬಲ್ಮಠಕ್ಕೆ ಸಾಟಿ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಬಿಟ್ಟುಹೋದ ಪುಸ್ತಕ, ಪತ್ರ, ವರದಿಗಳು ಅಲ್ಲಿಯ ಪತ್ರಾಗಾರದಲ್ಲಿವೆ. 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದೂ 1894ರಲ್ಲಿ ಇದೇ ಮಿಷನ್‌ನ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ಅಚ್ಚಾದದ್ದೂ ಮಂಗಳೂರಿನಲ್ಲೇ. ಆ ನಿಘಂಟಿನ ಯಾವುದೇ ಪುಟ ತೆರೆಯಿರಿ: ಕನ್ನಡ ಪದ, ಅದರ ಪಕ್ಕ ತಮಿಳು, ಮಲಯಾಳ, ತೆಲುಗು, ತುಳುವಿನ ಸಂಬಂಧಿಗಳು, ಹಳೆಯ ಕಾವ್ಯದಿಂದಲೋ ಗಾದೆಯಿಂದಲೋ ಎತ್ತಿದ ಪ್ರಯೋಗ. ಮತಪ್ರಚಾರಕ್ಕೆ ಇಷ್ಟೆಲ್ಲ ಬೇಕಿರಲಿಲ್ಲ. ಕಿಟೆಲ್ ಅವರು ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು, ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ಬರೆದರು. ಮಿಷನ್‌ನೊಳಗೆ ಅವರ ಈ ಗೀಳು ಎಲ್ಲರಿಗೂ ಹಿಡಿಸಿರಲಿಲ್ಲ. ನಂಬಿಕೆಗೂ ಪಾಂಡಿತ್ಯಕ್ಕೂ ನಡುವಿನ ಜಗ್ಗಾಟವನ್ನೇ ವಿಷಯವಾಗಿ ಆರಿಸಿಕೊಳ್ಳುವವರಿಗೆ ಇಲ್ಲಿ ಇನ್ನೂ ಕೆಲಸ ಬಾಕಿಯಿದೆ.

ಆದರೆ ಎಚ್ಚರ. ಮಿಷನರಿಗಳ ಒಳಗಿನ ಪತ್ರವ್ಯವಹಾರದ ಬಹುಪಾಲು ಜರ್ಮನ್ ಭಾಷೆಯಲ್ಲಿ, ಅದೂ ಇಂದಿನ ಜರ್ಮನರಿಗೇ ಓದಲು ಬಾರದ ಹಳೆಯ ಕೈಬರಹದಲ್ಲಿದೆ. ಆ ಲಿಪಿ ಕಲಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕಲಿಯುವ ಮನಸ್ಸಿಲ್ಲದಿದ್ದರೆ ಇಂಗ್ಲಿಷಿನಲ್ಲಿ ಅಚ್ಚಾದ ವಾರ್ಷಿಕ ವರದಿಗಳಿಗೂ ಕನ್ನಡದ ಮುದ್ರಿತ ಸಾಮಗ್ರಿಗೂ ವಿಷಯವನ್ನು ಮಿತಿಗೊಳಿಸಿ. ಊರು ಬಿಟ್ಟು ಹೋಗಲಾಗದವರು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ನೋಡಲಿ. ಮಲಯಾಳದ ಜೊತೆ ಕನ್ನಡ, ತುಳು ಪುಸ್ತಕಗಳೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನವರಿಗೆ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರ ಬಸ್ಸಿನ ದೂರದಲ್ಲಿದೆ. ಎಲ್ಲಿಗೆ ಹೋದರೂ ಗೈಡ್‌ರಿಂದ ಪರಿಚಯಪತ್ರ ತೆಗೆದುಕೊಂಡು, ಮೊದಲೇ ಬರೆದು, ದಿನ ಗೊತ್ತುಮಾಡಿಕೊಂಡು ಹೋಗಿ.

ವೈದ್ಯಕೀಯ: ಗೆರೆ ಕಣ್ಣಿಗೆ ಕಾಣುವ ಜಾಗ

ಉಳಿದ ವಿಷಯಗಳಲ್ಲಿ ಮಸುಕಾಗಿರುವ ಗೆರೆ ಇಲ್ಲಿ ಢಾಳಾಗಿದೆ. ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜನ್ನು 1963ರಲ್ಲಿ ತೆರೆದದ್ದು ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ. ಪೌಷ್ಟಿಕಾಂಶ ಸಂಶೋಧನೆಯಲ್ಲಿ ಅದರ ಹೆಸರು ದೊಡ್ಡದು. ಹಳ್ಳಿಯ ಆರೋಗ್ಯದ ಮೇಲೆ ಕೆಲಸ ಮಾಡುವವರಿಗೆ ಅಲ್ಲಿ ಒಳ್ಳೆಯ ನೆಲವಿದೆ. ಆದರೆ ಕ್ಯಾಥೊಲಿಕ್ ಸಭೆ ಪ್ರನಾಳಶಿಶು ಚಿಕಿತ್ಸೆಯನ್ನಾಗಲಿ ಗರ್ಭಪಾತವನ್ನಾಗಲಿ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯನ್ನಾಗಲಿ ಒಪ್ಪುವುದಿಲ್ಲ, ಅದರ ಆಸ್ಪತ್ರೆಗಳೂ ಆ ಚೌಕಟ್ಟಿನಲ್ಲೇ ನಡೆಯುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹಲವು ಪ್ರೊಟೆಸ್ಟೆಂಟ್ ಮತ್ತಿತರ ಸಭೆಗಳು ಕೂಡಿ ನಡೆಸುವ ಸಂಸ್ಥೆ. ಅಲ್ಲಿ ಬಂಜೆತನದ ಚಿಕಿತ್ಸೆಗೆ, ಪ್ರನಾಳಶಿಶುವಿಗೂ ಸೇರಿ, ಪ್ರತ್ಯೇಕ ವಿಭಾಗವೇ ಇದೆ. ಎರಡೂ ಕ್ರೈಸ್ತ ಸಂಸ್ಥೆಗಳೇ, ಉತ್ತರ ಮಾತ್ರ ಬೇರೆ.

ಆದ್ದರಿಂದ ಸಂತಾನೋತ್ಪತ್ತಿಯ ಆರೋಗ್ಯ ನಿಮ್ಮ ವಿಷಯವಾಗಿದ್ದರೆ ಪ್ರವೇಶಕ್ಕೆ ಮುನ್ನವೇ ವಿಭಾಗದ ಮುಖ್ಯಸ್ಥರನ್ನು ನೇರವಾಗಿ ಕೇಳಿ. ಮಧುಮೇಹ, ರಕ್ತಹೀನತೆ, ಹೃದ್ರೋಗದವರಿಗೆ ಈ ತಲೆನೋವಿಲ್ಲ. ನೋವು ತಗ್ಗಿಸುವ ಕೊನೆಗಾಲದ ಆರೈಕೆ ನಿಮ್ಮ ವಿಷಯವೇ? ಹಾಗಾದರೆ ಕ್ರೈಸ್ತ ಆಸ್ಪತ್ರೆಯ ವಾತಾವರಣ ಲಾಭವೇ ಆದೀತು, ಸಾವಿನ ಬಗ್ಗೆ ರೋಗಿಯ ಮುಂದೆ ಮಾತಾಡಬಲ್ಲವರು ಅಲ್ಲಿ ಕೈಗೆ ಸಿಗುತ್ತಾರೆ.

ಕಡಲಾಚೆ ಹೋಗುವವರಿಗೆ

ನಂಬಿಕೆಯೂ ಸಂಶೋಧನೆಯೂ ಎಲ್ಲ ವಿಭಾಗಗಳಲ್ಲೂ ಮುಖಾಮುಖಿಯಾಗಬೇಕು ಎಂದು ಬಹಿರಂಗವಾಗಿ ಹೇಳಿಕೊಂಡ ಸಂಸ್ಥೆಗಳು ಅಮೆರಿಕದಲ್ಲಿ ಹೆಚ್ಚು. ಇಂಡಿಯಾನಾದ ನೋಟರ್‌ಡೇಮ್ 1842ರ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ಧರ್ಮದ ತತ್ತ್ವಶಾಸ್ತ್ರ ಮತ್ತು ಶಾಂತಿ ಅಧ್ಯಯನಕ್ಕೆ ಅಲ್ಲಿ ಗಟ್ಟಿ ನೆಲೆಯಿದೆ, ದೇವಶಾಸ್ತ್ರದ ಪಿಎಚ್‌.ಡಿ.ಗೆ ಸೇರಿದವರಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಸ್ಟೈಪೆಂಡೂ ಸಿಗುತ್ತವೆ. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಮೂಲದ್ದು. ಕ್ರೈಸ್ತ ಗುರುತನ್ನು ಬಿಡದೆ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯವಾಗುತ್ತೇವೆ ಎಂದು ಹಟ ಹಿಡಿದು, 2021ರ ಕೊನೆಗೆ ಅಮೆರಿಕದ ಅತಿ ಹೆಚ್ಚು ಸಂಶೋಧನೆ ನಡೆಯುವ ವಿಶ್ವವಿದ್ಯಾಲಯಗಳ ಆರ್-1 ಪಟ್ಟಿ ಸೇರಿತು.

ಇಲಿನಾಯ್‌ನ ವ್ಹೀಟನ್ ಕಾಲೇಜು ಇನ್ನೊಂದು ತುದಿ. ಅಧ್ಯಾಪಕರು ನಂಬಿಕೆಯ ಹೇಳಿಕೆಗೆ, ಅಂದರೆ ಕಾಲೇಜಿನ ಮತತತ್ತ್ವಗಳನ್ನು ಒಪ್ಪುತ್ತೇನೆ ಎಂಬ ಪತ್ರಕ್ಕೆ, ಸಹಿ ಹಾಕಬೇಕು. 2015ರ ಡಿಸೆಂಬರಿನಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರು ಮುಸ್ಲಿಮರ ಬೆಂಬಲಕ್ಕೆ ಹಿಜಾಬ್ ಧರಿಸಿ, ಕ್ರೈಸ್ತರೂ ಮುಸ್ಲಿಮರೂ ಒಬ್ಬನೇ ದೇವರನ್ನು ಆರಾಧಿಸುತ್ತಾರೆ ಎಂದು ಬರೆದರು. ಅದು ದೊಡ್ಡ ವಿವಾದವಾಗಿ ಎರಡೇ ತಿಂಗಳಲ್ಲಿ ಅವರೂ ಕಾಲೇಜೂ ಬೇರೆಯಾದರು. ಆ ಹೇಳಿಕೆಗೆ ಮನಸಾರೆ ಸಹಿ ಹಾಕುವವರಿಗೆ ಅಲ್ಲಿಯ ಬೌದ್ಧಿಕ ಒಡನಾಟ ಬೇರೆಡೆ ಸಿಗದು. ಸಹಿ ಹಾಕುವಾಗ ಕೈ ನಡುಗುವವರು ಆ ಕಡೆ ಹೋಗದಿರುವುದು ಒಳ್ಳೆಯದು.

ಹಣ ಕಡಿಮೆ ಇದ್ದವರು ಬೆಲ್ಜಿಯಂನ ಲೂವೆನ್ ಕಡೆ ನೋಡಬಹುದು. 1425ರ ವಿಶ್ವವಿದ್ಯಾಲಯ, ದೇವಶಾಸ್ತ್ರ ವಿಭಾಗದಲ್ಲಿ ಇಂಗ್ಲಿಷಿನಲ್ಲೂ ಪಾಠ, ಅಮೆರಿಕಕ್ಕೆ ಹೋಲಿಸಿದರೆ ಶುಲ್ಕ ಬಹಳ ಕಡಿಮೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದ ಪಾದ್ರಿ ಜಾರ್ಜ್ ಲೆಮೇತ್ರ್ ಅಲ್ಲಿ ಪ್ರಾಧ್ಯಾಪಕರಾಗಿದ್ದವರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಸಿದ್ಧಾಂತದಲ್ಲಿ ಸೃಷ್ಟಿಗೆ ಸಾಕ್ಷ್ಯ ಕಂಡಂತೆ ಮಾತಾಡಿದಾಗ ಲೆಮೇತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಭೌತಶಾಸ್ತ್ರವನ್ನು ಬೈಬಲಿನ ಪರ ವಕೀಲಿಗೆ ಬಳಸುವುದು ಅವರಿಗೆ ಬೇಡವಾಗಿತ್ತು. ವಿಜ್ಞಾನದ ವಿದ್ಯಾರ್ಥಿಗಳಲ್ಲಿ ನಂಬಿಕೆಯುಳ್ಳವರು ಯಾರಾದರೂ ಮಾದರಿ ಕೇಳಿದರೆ ನಾನು ಈ ಹೆಸರನ್ನೇ ಹೇಳುತ್ತೇನೆ.

ಅರ್ಜಿಗೆ ಮುನ್ನ

ಎರಡು ಮೂರು ಹೆಸರುಗಳಿಗೆ ಪಟ್ಟಿ ಇಳಿದ ಮೇಲೆ ಸಂಸ್ಥೆಗೆ ಬರೆಯಬೇಡಿ, ಗೈಡ್ ಆಗಬಲ್ಲವರಿಗೆ ಬರೆಯಿರಿ. ಒಂದು ಪುಟ ಸಾಕು: ನಿಮ್ಮ ಪ್ರಶ್ನೆ, ಅದಕ್ಕೆ ಬೇಕಾದ ಸಾಮಗ್ರಿ, ಅವರ ಯಾವ ಲೇಖನವನ್ನು ಓದಿದ್ದೀರಿ ಎಂಬುದು. ಕೆಳಗೆ ಮೂರು ವಿಷಯ ಕೇಳಿ. ಅವರ ಬಳಿ ಈ ವರ್ಷ ಸೀಟು ಖಾಲಿ ಇದೆಯೇ, ಅವರ ಹಿಂದಿನ ಸಂಶೋಧಕರು ಈಗ ಎಲ್ಲಿ ಕೆಲಸದಲ್ಲಿದ್ದಾರೆ, ನಿಮ್ಮ ತೀರ್ಮಾನ ಸಂಸ್ಥೆಯ ನಿಲುವಿಗೆ ವಿರುದ್ಧವಾಗಿ ಬಂದರೆ ಏನಾಗುತ್ತದೆ. ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ನುರಿತ ಗೈಡ್‌ಗಳು ಅದಕ್ಕೆ ಬೇಸರಪಡುವುದಿಲ್ಲ, ಫೋನ್ ಮಾಡಿ ಮಾತಾಡುತ್ತಾರೆ. ಅದೊಂದನ್ನು ಬಿಟ್ಟು ಉಳಿದ ಎರಡಕ್ಕೆ ಮಾತ್ರ ಉತ್ತರ ಬಂದರೆ, ಪಟ್ಟಿಯಲ್ಲಿರುವ ಮುಂದಿನವರಿಗೆ ಅದೇ ಕಾಗದ ಕಳಿಸಿ.